ಮಗಳು ಓದಿದ ಪತ್ರ

(ಲೇಕ್ ಗಾರ್ಡನ್ಸ್‌ನಲ್ಲಿ ಜರುಗಿದ ರಾಜ್ಯೋತ್ಸವ ಕೂಟದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



'ಹೊರನಾಡಿನಲ್ಲಿ ಕನ್ನಡದ ಅಳಿವು ಉಳಿವು' ಎಂಬ ವಿಷಯವನ್ನು ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ಬಂಗಾಳವನ್ನಾಳಿದ ಸೇನರು ಕರ್ಣಾಟ ಕ್ಷತ್ರಿಯರೆಂದು ಅವರ ಶಾಸನ ಸಾರುತ್ತದೆ. ಅದನ್ನು ಕೇಳಿದಾಗಲೆಲ್ಲ ನಮ್ಮ ಎದೆ ಉಬ್ಬುತ್ತದೆ. ಆದರೆ ವಿಜಯಸೇನನ ಮೊಮ್ಮಗ ಲಕ್ಷ್ಮಣಸೇನನ ಆಸ್ಥಾನವೆಂದೊಡನೆ ನೆನಪಾಗುವವನು ಸಂಸ್ಕೃತದ ಜಯದೇವ ಕವಿ. ಆ ಮನೆತನದ ಕನ್ನಡ ಎಲ್ಲಿ ಹೋಯಿತು? ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಇತಿಹಾಸದ ಗ್ರಂಥಗಳಿಂದಲ್ಲ. ಕಳೆದ ಬೇಸಿಗೆಯ ರಜೆಯಲ್ಲಿ ಕುಟುಂಬಸಮೇತ ಊರಿಗೆ ಹೋದಾಗ ನಡೆದ ಒಂದು ಸಣ್ಣ ಪ್ರಸಂಗದಿಂದ.

ನಮ್ಮೂರು ಯಲ್ಲಾಪುರದ ಸೀಮೆ. ಅಮರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಹುಬ್ಬಳ್ಳಿಯವರೆಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿಯುವುದು ನಮ್ಮ ವಾಡಿಕೆ. ಗಾಡಿ ಗದಗನ್ನು ಸಮೀಪಿಸಿದಾಗ ಹನ್ನೆರಡು ವರ್ಷದ ಮಗಳಿಗೆ ಭೀಮಸೇನ ಜೋಶಿಯವರ ಕಥೆ ಹೇಳಿದೆ. 1922ರಲ್ಲಿ ರೋಣದಲ್ಲಿ ಹುಟ್ಟಿದ ಆ ಹುಡುಗ ಗುರುವನ್ನರಸಿ ಮನೆ ಬಿಟ್ಟು ಓಡಿದ್ದು, ಅಲೆಯುತ್ತ ನಮ್ಮ ಈ ಕಲಕತ್ತೆಗೂ ಬಂದು ನಟ ಪಹಾಡಿ ಸಾನ್ಯಾಲರ ಮನೆಯಲ್ಲಿ ಕೆಲಸಕ್ಕಿದ್ದದ್ದು, ತಂದೆ ಗುರುರಾಜ ಜೋಶಿಯವರು ಕೊನೆಗೆ ಜಲಂಧರದಲ್ಲಿ ಅವನನ್ನು ಕಂಡು ಮನೆಗೆ ಕರೆತಂದದ್ದು, ಬಳಿಕ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಅವನ ಸಾಧನೆ ನಡೆದದ್ದು, 2008ರಲ್ಲಿ ಭಾರತರತ್ನ ಪ್ರಶಸ್ತಿ ಬಂದದ್ದು, ಇವೆಲ್ಲವನ್ನೂ ಬಣ್ಣಿಸಿದೆ. ಎಲ್ಲವನ್ನೂ ಕೇಳಿ ಅವಳೆಂದಳು: "ಓಡಿಹೋದಾಗ ಅವರ ಅಪ್ಪನಿಗೆ ಹೆಮ್ಮೆಯಾಗಿತ್ತೇ?" ನನ್ನಲ್ಲಿ ಉತ್ತರವಿರಲಿಲ್ಲ.

ಊರು ತಲುಪಿದ ಸಂಜೆಯೇ ನಾನು ನನ್ನ ಹೆಮ್ಮೆಯ ಪ್ರದರ್ಶನಕ್ಕೆ ಸಿದ್ಧನಾದೆ. ಭಾನುವಾರಗಳಂದು ನನ್ನ ಪತ್ನಿ ಪಟ್ಟುಹಿಡಿದು ಕಲಿಸಿದ ಕನ್ನಡವದು. ಜಗಲಿಯಲ್ಲಿ ಬಂಧುಗಳು ನೆರೆದಿದ್ದರು. ಊರಲ್ಲೇ ಬೆಳೆದು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿರುವ ಅಣ್ಣನ ಮಕ್ಕಳು ಕನ್ನಡ ಪತ್ರಿಕೆಯ ಮುಂದೆ ತಡವರಿಸುತ್ತಾರೆಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅವರೆದುರು ಪತ್ರಿಕೆಯನ್ನು ಮಗಳ ಕೈಗಿತ್ತೆ. ಅವಳು ಸರಾಗವಾಗಿಯೇ ಓದಿದಳು. ಆದರೆ ಬಂಗಾಳಿಯಲ್ಲಿ ಳಕಾರವಿಲ್ಲ. ನಮ್ಮ ಅಕಾರವೂ ಅಲ್ಲಿ ಒಕಾರದತ್ತ ವಾಲುತ್ತದೆ. ಓದು ಮುಗಿಸಿ ಅವಳು 'ಬಾಲೆಹಣ್ಣು' ಬೇಕೆಂದಾಗ ಜಗಲಿಯೆಲ್ಲ ನಕ್ಕಿತು. ನಕ್ಕವರಲ್ಲಿ ನಾನೂ ಒಬ್ಬ. ಮರುದಿನದಿಂದ ಮಗಳು ನನ್ನೊಡನೆ ಬಂಗಾಳಿಯಲ್ಲೇ ಮಾತನಾಡತೊಡಗಿದಳು.

ಮೂರನೆಯ ದಿನ ಅರಬೈಲು ಘಟ್ಟವಿಳಿದು ಕಾರವಾರಕ್ಕೆ ಹೋದೆವು. ಅಲ್ಲಿನ ಕಡಲತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರಿದೆ. ಪ್ರಥಮ ಭಾರತೀಯ ಐಸಿಎಸ್ ಅಧಿಕಾರಿಯಾದ ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರರು ಬಂದು ತಂಗಿ, 1884ರಲ್ಲಿ ಪ್ರಕಟವಾದ 'ಪ್ರಕೃತಿರ್ ಪ್ರತಿಶೋಧ್' ನಾಟಕವನ್ನು ಬರೆದರು. ಮಗಳು ಅದನ್ನೆಲ್ಲ ತನ್ನ ಅಜ್ಜಿಗೆ ವಿವರಿಸಲೇಬೇಕಾಯಿತು. ಅಜ್ಜಿಗೆ ಬಂಗಾಳಿ ಬಾರದು. ಹೀಗಾಗಿ ಕನ್ನಡ ಮತ್ತೆ ಹೊರಬಂತು, ಅದೇ 'ಬಾಲೆಹಣ್ಣಿ'ನ ಕನ್ನಡ. ಅಜ್ಜಿ ನಗಲಿಲ್ಲ. "ಮುಂದೆ ಹೇಳು ಕೂಸೇ" ಎಂದರು.

ಆ ರಾತ್ರಿ ಆಯಿ ತಮ್ಮ ಹಳೆಯ ಟ್ರಂಕಿನಿಂದ ಒಂದು ಗಂಟನ್ನು ತೆಗೆದು ಮೊಮ್ಮಗಳ ಮುಂದಿಟ್ಟರು. ಕಣ್ಣು ಮಂಜಾದ ಮೇಲೆ ಅವರು ಅದನ್ನು ಬಿಚ್ಚಿರಲಿಲ್ಲವಂತೆ. ಅವು ಕಲಕತ್ತೆಗೆ ಬಂದ ಹೊಸತರಲ್ಲಿ, 1996-97ರಲ್ಲಿ, ನಾನು ಬರೆದ ಇನ್‌ಲ್ಯಾಂಡ್ ಪತ್ರಗಳು. ಮಗಳು ಒಂದೊಂದಾಗಿ ಓದಿದಳು. ಮೂರು ವರ್ಷದೊಳಗೆ ವರ್ಗ ಮಾಡಿಸಿಕೊಂಡು ಬರುತ್ತೇನೆ, ತೋಟವನ್ನು ನಾನೇ ನೋಡಿಕೊಳ್ಳುತ್ತೇನೆ ಎಂದು ಪ್ರತಿಯೊಂದರಲ್ಲೂ ಬರೆದಿದ್ದೆ. ಒಳಗಿನ ಕತ್ತಲೆಯಲ್ಲಿ ನಿಂತು ನನ್ನ ಮಾತನ್ನು ನನ್ನ ಮಗಳ ದನಿಯಲ್ಲಿ ಕೇಳಿದೆ. ಆಯಿ ಒಂದು ಮಾತೂ ಆಡಲಿಲ್ಲ. ಓದು ಮುಗಿದ ಮೇಲೆ ಮಗಳು ನನ್ನನ್ನು ಕರೆದು ಕೇಳಿದಳು: "ಅಪ್ಪಾ, ನೀನು ಪತ್ರ ಬರೆಯುವುದನ್ನು ಏಕೆ ಬಿಟ್ಟೆ?"

ದೂರವಾಣಿ ಬಂತು, ಮೊಬೈಲು ಬಂತು ಎಂದೆ. ನಿಜವಾದ ಉತ್ತರ ಅದಲ್ಲವೆಂದು ಆಯಿಗೂ ಗೊತ್ತು, ನನಗೂ ಗೊತ್ತು. ಬರುತ್ತೇನೆಂದು ಬರೆಯಲು ಕೈ ಏಳದಾದಾಗ ಪತ್ರವೇ ನಿಂತಿತು.

ಬಂಧುಗಳೇ, ಅಂದು ನನಗೆ ಹೆಮ್ಮೆಯಾಯಿತೆಂದರೆ ಅದು ಜಗಲಿಯ ಹೆಮ್ಮೆಯಲ್ಲ. ಜಗಲಿಯಲ್ಲಿ ನಾನು ಮೆರೆಸಿದ್ದು ನನ್ನನ್ನೇ; ಅಣ್ಣನ ಮಕ್ಕಳನ್ನು ಕುಗ್ಗಿಸಿ ಪಡೆದ ಹಿಗ್ಗು ಅದು. ಅವಳ ಕನ್ನಡಕ್ಕೆ ಬೆಲೆ ಬಂದದ್ದು ಮುಪ್ಪಿನ ಒಂದು ಜೀವಕ್ಕೆ ಅದು ಬೇಕಾದಾಗ.

1956ರಲ್ಲಿ ರಾಜ್ಯಗಳನ್ನು ಪುನರ್ವಿಂಗಡಿಸಿದ ಸಂವಿಧಾನದ ಏಳನೆಯ ತಿದ್ದುಪಡಿಯೇ 350-ಎ ವಿಧಿಯನ್ನೂ ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ನೀಡಲು ಪ್ರತಿ ರಾಜ್ಯವೂ ಸಾಕಷ್ಟು ಸೌಲಭ್ಯ ಒದಗಿಸಲು ಯತ್ನಿಸಬೇಕೆಂದು ಅದು ಹೇಳುತ್ತದೆ. ನಮ್ಮ ನಾಡನ್ನು ಒಂದುಗೂಡಿಸಿದ ಗಳಿಗೆಯಲ್ಲೇ ನಾಡಿನಾಚೆ ಉಳಿದವರ ಮಕ್ಕಳನ್ನೂ ನೆನೆದ ವಿಧಿಯದು. ಕೇಳಬೇಕಾದುದನ್ನು ಸರ್ಕಾರಗಳಿಂದ ಕೇಳೋಣ. ಆದರೆ ಅಜ್ಜಿಯ ಟ್ರಂಕನ್ನು ಯಾವ ವಿಧಿಯೂ ತೆರೆಯಲಾರದು.

ಆದುದರಿಂದ ನನ್ನ ಸೂಚನೆ ಚಿಕ್ಕದು. ನಮ್ಮ ಮಕ್ಕಳು ತಿಂಗಳಿಗೊಂದು ಪತ್ರವನ್ನು ಊರಿಗೆ ಬರೆಯಲಿ. ಳಕಾರ ತಪ್ಪಿದರೆ ತಪ್ಪಲಿ, ನಾವು ನಗದಿರೋಣ. ನನ್ನ ಮಗಳು ಈಗಾಗಲೇ ಆರಂಭಿಸಿದ್ದಾಳೆ. ಅಲ್ಲಿ ಅಣ್ಣನ ಮಗ ತಡವರಿಸುತ್ತಲೇ ಅವುಗಳನ್ನು ಅಜ್ಜಿಗೆ ಓದಿ ಹೇಳುತ್ತಿದ್ದಾನಂತೆ. ಕಳೆದ ವಾರ ಅವಳು ಪತ್ರದ ಕೊನೆಯಲ್ಲಿ ಎರಡು ಬೆರಳಗಲ ಜಾಗ ಬಿಟ್ಟು ನನ್ನ ಮುಂದಿಟ್ಟಳು. ಇಪ್ಪತ್ತು ವರ್ಷಗಳ ಮೇಲೆ ನಾನು ಆಯಿಗೆ ನಾಲ್ಕು ಸಾಲು ಬರೆದೆ. ಬರುತ್ತೇನೆಂದು ಬರೆಯಲಿಲ್ಲ, ಕ್ಷೇಮವೆಂದು ಬರೆದೆ, ಬಾರದೆ ಹೋದುದಕ್ಕೆ ಕ್ಷಮಿಸೆಂದು ಬರೆದೆ.