ಹಬ್ಬದ ಮೈದಾನದಲ್ಲಿ ಒಂದು ಶಾಂತ ಮೂಲೆ



ಕೆಲವು ವರ್ಷಗಳ ಹಿಂದಿನ ಮಾತು. ಒಂದು ಊರಿನ ಉತ್ಸವವನ್ನು ಚಿತ್ರೀಕರಿಸಲು ನಮ್ಮ ತಂಡ ಹೋಗಿತ್ತು. ಡೊಳ್ಳು, ನಗಾರಿ, ಧ್ವನಿವರ್ಧಕ, ಜನರೇಟರು. ಇವು ಸಾಲದೆಂಬಂತೆ ನಮ್ಮ ಪ್ರಖರ ದೀಪಗಳು. ಮೈದಾನದ ಬಾಗಿಲಲ್ಲಿ ಹತ್ತು ಹನ್ನೆರಡು ವರ್ಷದ ಹುಡುಗನೊಬ್ಬ ಎರಡೂ ಕಿವಿ ಮುಚ್ಚಿಕೊಂಡು ನೆಲದ ಮೇಲೆ ಕುಳಿತುಬಿಟ್ಟ. ಚೀರಿ ಅಳತೊಡಗಿದ. ತಾಯಿ ಅವನನ್ನು ತಬ್ಬಿ ಹಿಡಿದಿದ್ದರು. 'ಇಷ್ಟು ದೊಡ್ಡ ಹುಡುಗ, ಎಂಥ ಹಠ!' ಎಂದು ಯಾರೋ ಹೇಳಿದರು. ನಾನು ಮಾಡಿದ್ದೇನು ಗೊತ್ತೆ? ಕ್ಯಾಮೆರಾಕ್ಕೆ ಅಡ್ಡ ಬರುತ್ತಾರೆಂದು, ಪಕ್ಕಕ್ಕೆ ಸರಿಯುವಂತೆ ಕೈಸನ್ನೆ ಮಾಡಿದೆ. ಅವರು ಮನೆಗೇ ಹೊರಟರು. ಹೋಗುವಾಗ ಆ ತಾಯಿ ಹೇಳಿದರು: 'ಇವನಿಗೆ ಡೊಳ್ಳು ಅಂದ್ರೆ ಪ್ರಾಣ ಸಾರ್, ಅದಕ್ಕೇ ಕರ್ಕೊಂಡು ಬಂದಿದ್ದೆ.'

ಡೊಳ್ಳೆಂದರೆ ಪ್ರಾಣ ಬಿಡುವ ಹುಡುಗ ಡೊಳ್ಳಿನ ಬಳಿಯೇ ನಿಲ್ಲಲಾರದೆ ಹೋದದ್ದೇಕೆ? ವಿಜ್ಞಾನ ಓದಿದ ನಾನು ಈ ಪ್ರಶ್ನೆಯನ್ನು ಅಂದೇ ಕೇಳಿಕೊಳ್ಳಬೇಕಾಗಿತ್ತು. ತಡವಾಗಿ ಕೇಳಿಕೊಂಡೆ. ತಿಳಿದುಕೊಂಡದ್ದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ನಮ್ಮ ಸ್ಟುಡಿಯೋದಲ್ಲಿ ಧ್ವನಿ ತಂತ್ರಜ್ಞರ ಮೇಜನ್ನು ಕಲ್ಪಿಸಿಕೊಳ್ಳಿ. ಹತ್ತು ಮೈಕುಗಳಿದ್ದರೆ, ಮಾತನಾಡುತ್ತಿರುವವರ ಮೈಕನ್ನು ಏರಿಸಿ, ಉಳಿದವುಗಳನ್ನು ತಗ್ಗಿಸುತ್ತಾರೆ. ನಮ್ಮ ಮೆದುಳೂ ಇಂಥದೇ ಕೆಲಸವನ್ನು ಸದಾ ಮಾಡುತ್ತಿರುತ್ತದೆ. ನೀವು ಪಾಠ ಕೇಳುವಾಗ ಫ್ಯಾನಿನ ಸದ್ದು, ರಸ್ತೆಯ ಹಾರನ್ನು, ಅಂಗಿಯ ಕಾಲರು ಕತ್ತಿಗೆ ಉಜ್ಜುವುದು, ಎಲ್ಲವೂ ಹಿನ್ನೆಲೆಗೆ ಸರಿದಿರುತ್ತವೆ. ಎಲ್ಲ ಮೈಕುಗಳೂ ಒಮ್ಮೆಲೇ ಪೂರ್ತಿ ಏರಿದರೆ ಹೇಗಿದ್ದೀತು? ಆಟಿಸಂ ಇರುವ ಹಲವರು ಗದ್ದಲದ ಜಾಗಗಳನ್ನು ಹೀಗೆಯೇ ಅನುಭವಿಸುತ್ತಾರೆ. ಎಲ್ಲರಿಗೂ ಇದು ಒಂದೇ ತೆರನಲ್ಲ. ಕೆಲವರಿಗೆ ಬೆಳಕು, ಕೆಲವರಿಗೆ ವಾಸನೆ, ಮತ್ತೆ ಕೆಲವರಿಗೆ ಜನರ ಮೈ ತಾಗುವುದು ಸಹಿಸಲಸಾಧ್ಯ. ಇನ್ನು ಕೆಲವರು ಸದ್ದನ್ನೂ ಸ್ಪರ್ಶವನ್ನೂ ತಾವಾಗಿ ಹುಡುಕಿಕೊಂಡು ಹೋಗುತ್ತಾರೆ. ಆಟಿಸಂ ಗುರುತಿಸಲು ವೈದ್ಯರು ಬಳಸುವ ಅಮೆರಿಕದ ಡಿಎಸ್‌ಎಂ ಕೈಪಿಡಿಯ 2013ರ ಆವೃತ್ತಿಯಲ್ಲಿ, ಇಂದ್ರಿಯಗಳ ಈ ವಿಶೇಷ ಪ್ರತಿಕ್ರಿಯೆಯೂ ಲಕ್ಷಣಗಳ ಪಟ್ಟಿಗೆ ಸೇರಿತು.

ಮೆದುಳುಗಳು ಕೆಲಸ ಮಾಡುವ ಬಗೆಯಲ್ಲಿ ಇರುವ ಈ ವೈವಿಧ್ಯಕ್ಕೆ ಇಂದು 'ನರವೈವಿಧ್ಯ' ಎನ್ನುತ್ತಾರೆ. ಇದು ಸೋಂಕೂ ಅಲ್ಲ, ತಂದೆತಾಯಿಯರು ಬೆಳೆಸಿದ ರೀತಿಯ ದೋಷವೂ ಅಲ್ಲ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಹೆಸರಿಸಿರುವ 21 ಬಗೆಗಳಲ್ಲಿ ಆಟಿಸಂ ಸೇರಿದೆ. ಸಾಂಸ್ಕೃತಿಕ ಜೀವನದಲ್ಲಿ ಎಲ್ಲರಂತೆ ಪಾಲ್ಗೊಳ್ಳುವುದು ಆ ಕಾಯಿದೆಯ ಪ್ರಕಾರ ಹಕ್ಕು. ಹಾಗಾದರೆ ಉತ್ಸವವೂ ಆ ಹುಡುಗನ ಹಕ್ಕೇ ಆಯಿತಲ್ಲವೆ?

ಹಕ್ಕನ್ನು ಆಚರಣೆಗೆ ತರುವುದು ಹೇಗೆ? ಒಂದು ಉದಾಹರಣೆ ನೋಡೋಣ. 2011ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ 'ದಿ ಲಯನ್ ಕಿಂಗ್' ಸಂಗೀತ ನಾಟಕದ ಒಂದು ಪ್ರದರ್ಶನವನ್ನು ಆಟಿಸಂ ಇರುವವರಿಗೂ ಅವರ ಕುಟುಂಬಗಳಿಗೂ ಮೀಸಲಿಟ್ಟರು. ಥಿಯೇಟರ್ ಡೆವಲಪ್‌ಮೆಂಟ್ ಫಂಡ್ ಎಂಬ ಸಂಸ್ಥೆ ಇದರ ಹೊಣೆ ಹೊತ್ತಿತ್ತು. ಕಥೆ ಅದೇ, ಹಾಡುಗಳೂ ಅವೇ. ಬೆಚ್ಚಿಬೀಳಿಸುವ ಸದ್ದುಗಳನ್ನು ತಗ್ಗಿಸಿದರು, ಪ್ರೇಕ್ಷಕರತ್ತ ಮಿಂಚುವ ದೀಪಗಳನ್ನು ಕಡಿಮೆ ಮಾಡಿದರು. ಹೊರಗಿನ ಹಜಾರದಲ್ಲಿ ಶಾಂತವಾದ ಜಾಗವೊಂದನ್ನು ಇಟ್ಟರು. ಎದ್ದು ಓಡಾಡಿದರೂ ಕೂಗಿದರೂ ಇಲ್ಲಿ ಯಾರೂ ದುರುಗುಟ್ಟಿ ನೋಡುವವರಿರಲಿಲ್ಲ. ನಮ್ಮ ನೆರೆಯ ಗೋವೆಯಲ್ಲಿ 2023ರ ಜನವರಿಯಲ್ಲಿ ಸರ್ಕಾರವೇ ಮುಂದೆ ನಿಂತು, ಎಲ್ಲ ಬಗೆಯ ಅಂಗವೈಕಲ್ಯವುಳ್ಳವರನ್ನೂ ಕರೆದು 'ಪರ್ಪಲ್ ಫೆಸ್ಟ್' ಎಂಬ ಉತ್ಸವವನ್ನು ಪಣಜಿಯಲ್ಲಿ ಮೊದಲ ಬಾರಿಗೆ ನಡೆಸಿತು.

ನಿಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ, ಬಡಾವಣೆಯ ಗಣೇಶೋತ್ಸವಕ್ಕೆ ಇಷ್ಟೆಲ್ಲ ಸಾಧ್ಯವೆ ಎಂದು ನೀವು ಕೇಳಬಹುದು. ಉತ್ತರ ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿಯೇ ಇದೆ. ತೆರೆದ ಬಯಲಿನಲ್ಲಿ ಒಂದೇ ಮೂಲದಿಂದ ಬರುವ ಶಬ್ದದ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಧ್ವನಿವರ್ಧಕದಿಂದ 5 ಮೀಟರ್ ದೂರದಲ್ಲಿ ನಿಂತವರು 40 ಮೀಟರಿಗೆ ಸರಿದರೆ ದೂರ ಎಂಟು ಪಟ್ಟಾಯಿತು, ತೀವ್ರತೆ 64ರಲ್ಲಿ ಒಂದು ಪಾಲಾಯಿತು. ಡೆಸಿಬೆಲ್ ಲೆಕ್ಕದಲ್ಲಿ ಸುಮಾರು 18ರಷ್ಟು ಇಳಿಕೆ. ಅಂದರೆ ಮೈದಾನದ ದೂರದ ಮೂಲೆಯಲ್ಲಿ ಒಂದು ಶಾಮಿಯಾನ, ಅದರಲ್ಲಿ ನಾಲ್ಕು ಚಾಪೆ, ಕುಡಿಯುವ ನೀರು, ಮಂದ ಬೆಳಕು. ಖರ್ಚೆಷ್ಟು ನೀವೇ ಹೇಳಿ.

ಇನ್ನೂ ಕೆಲವು ಕೆಲಸಗಳನ್ನು ನೀವೇ ಮಾಡಬಹುದು. ಮೊದಲ ಒಂದು ಗಂಟೆಯನ್ನು ಮೈಕು, ಪಟಾಕಿ, ಮಿಣುಕು ದೀಪಗಳಿಲ್ಲದ ಹೊತ್ತೆಂದು ಮುಂಚಿತವಾಗಿ ಸಾರಿ. ಬಾಗಿಲು ಎಲ್ಲಿ, ವೇದಿಕೆ ಎಲ್ಲಿ, ಯಾವಾಗ ಏನು ನಡೆಯುತ್ತದೆ ಎಂಬುದನ್ನು ಚಿತ್ರಗಳಲ್ಲಿ ಬರೆದು ವಾರದ ಮೊದಲೇ ಮನೆಗಳಿಗೆ ಕೊಡಿ. ಮುಂದೇನೆಂದು ತಿಳಿದಿದ್ದರೆ ಅರ್ಧ ಭಯ ಕಡಿಮೆಯಾಗುತ್ತದೆ. ಜನಜಂಗುಳಿಯಿಲ್ಲದ ಒಂದು ದಾರಿಯನ್ನು ಬಿಡಿ. ಪ್ರಸಾದಕ್ಕೋ ಟಿಕೆಟ್ಟಿಗೋ ಸಾಲಿನಲ್ಲಿ ನಿಲ್ಲಲಾರದವರನ್ನು ಮುಂದೆ ಕಳುಹಿಸಿ. ಯಾರಾದರೂ ಕಿವಿ ಮುಚ್ಚಿಕೊಂಡು ಕುಳಿತರೆ ಸುತ್ತ ಗುಂಪು ಸೇರಬೇಡಿ, ಮೊಬೈಲಿನಲ್ಲಿ ಚಿತ್ರ ತೆಗೆಯಬೇಡಿ. 'ಏನು ಮಾಡಲಿ?' ಎಂದು ಜೊತೆಗಿರುವವರನ್ನು ಮೆಲ್ಲಗೆ ಕೇಳಿ. ಎಲ್ಲಕ್ಕಿಂತ ಮೊದಲು, ಸಿದ್ಧತೆಯ ಸಭೆಗೆ ಅಂಥ ಕುಟುಂಬಗಳನ್ನೂ, ಮಾತನಾಡಬಲ್ಲ ಆಟಿಸಂ ಇರುವ ಗೆಳೆಯರನ್ನೂ ಕರೆಯಿರಿ. ಏನು ಬೇಕೆಂಬುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಇಷ್ಟು ಮಾಡಿದರೆ ಹಬ್ಬದ ಕಳೆ ಹೋಗುವುದೆಂಬ ಭಯ ಬೇಡ. ಕೈಗೂಸನ್ನು ಎತ್ತಿಕೊಂಡ ತಾಯಿ, ತಲೆನೋವಿನ ಅಜ್ಜಿ, ಶ್ರವಣಯಂತ್ರ ಹಾಕಿಕೊಂಡ ತಾತ, ಇವರೂ ಆ ಶಾಮಿಯಾನದಲ್ಲಿ ಕುಳಿತು ನಿಮ್ಮನ್ನು ಹರಸುತ್ತಾರೆ.

ಅಂದು ಡೊಳ್ಳು ನಿಲ್ಲಬೇಕಾಗಿರಲಿಲ್ಲ. ನಮ್ಮ ಎರಡು ದೀಪ ಆರಿಸಿ, ಮೈದಾನದ ಆಚೆ ತುದಿಯಲ್ಲಿ ಒಂದು ಚಾಪೆ ಹಾಸಿದ್ದರೆ, ಆ ಹುಡುಗ ಅಲ್ಲಿಂದಲೇ ತನ್ನ ಪ್ರೀತಿಯ ಡೊಳ್ಳನ್ನು ಕೇಳುತ್ತಿದ್ದನೇನೋ. ಆ ಚಾಪೆಯನ್ನು ನಾನು ಹಾಸಲಿಲ್ಲ. ನಿಮ್ಮ ಊರಿನ ಮುಂದಿನ ಉತ್ಸವದಲ್ಲಿ ನೀವು ಹಾಸುತ್ತೀರಲ್ಲವೆ?