ಬೆಳಕಿಗೂ ಒಡೆಯನುಂಟೆ?



ನೀವು ರಕ್ತದಾನ ಮಾಡುತ್ತೀರಿ, ಬೆಲೆ ಕೇಳುವುದಿಲ್ಲ. ಹಣಕ್ಕೆ ರಕ್ತ ಕೊಡುವುದನ್ನು ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟು 1996ರಲ್ಲೇ ತೀರ್ಪಿತ್ತಿತು. ಆದರೆ ಆ ರಕ್ತವನ್ನು ಶುದ್ಧಿಮಾಡುವ ವಿದ್ಯೆಗೆ ಮಾತ್ರ ಒಡೆಯರಿದ್ದಾರೆ!

1980ರ ದಶಕದಲ್ಲಿ, ರಕ್ತದಿಂದ ತಯಾರಿಸಿದ ಔಷಧದ ಮೂಲಕ ಎಚ್‌ಐವಿ ಹರಡಿ ಹಲವು ದೇಶಗಳಲ್ಲಿ ಸಾವಿರಾರು ರೋಗಿಗಳು ಬಲಿಯಾದರು. ಅಂಥ ಸೋಂಕು ತಡೆಯಲು ವಿಜ್ಞಾನಿಗಳು ಬೆಳಕನ್ನೇ ಆಯುಧ ಮಾಡಿಕೊಂಡರು. ಪ್ಲೇಟ್‌ಲೆಟ್ ಚೀಲಕ್ಕೆ ಅಮೊಟೊಸಾಲೆನ್ ಎಂಬ ದ್ರವ್ಯ ಬೆರೆಸಿ ಅತಿನೇರಳೆ ಕಿರಣ ಹಾಯಿಸಿದರೆ, ಅದು ವೈರಸ್ಸಿನ ವಂಶವಾಹಿ ಎಳೆಗಳಿಗೆ ಬೀಗ ಹಾಕುತ್ತದೆ, ವೈರಸ್ಸು ಹೆಚ್ಚಲಾರದು. ಪ್ಲೇಟ್‌ಲೆಟ್ಟಿಗೆ ನ್ಯೂಕ್ಲಿಯಸ್ಸೇ ಇಲ್ಲ, ಅದು ಉಳಿಯುತ್ತದೆ. ಅಮೆರಿಕದ ಸೆರಸ್ ಕಂಪನಿಯ ಈ ವಿಧಾನಕ್ಕೆ ಅಲ್ಲಿನ ಸರ್ಕಾರ 2014ರಲ್ಲಿ ಒಪ್ಪಿಗೆ ಕೊಟ್ಟಿತು. ಹಾಲಿನಲ್ಲಿರುವ ಬಿ2 ಜೀವಸತ್ವವನ್ನು ಬಳಸುವ ವಿಧಾನವೂ ಉಂಟು.

ಬೆಳಕು, ಜೀವಸತ್ವ ಯಾರಪ್ಪನ ಸೊತ್ತೂ ಅಲ್ಲ. ಆದರೆ ಹೊಸ ದ್ರವ್ಯಕ್ಕೆ, ಯಂತ್ರಕ್ಕೆ, ವಿಧಾನಕ್ಕೆ 20 ವರ್ಷದ ಪೇಟೆಂಟು ಸಿಗುತ್ತದೆ. ತಕರಾರೆದ್ದರೆ ಒಬ್ಬ ‘ನಾನು ಮೊದಲು ಕಂಡೆ’ ಎನ್ನುತ್ತಾನೆ. ಇನ್ನೊಬ್ಬ ‘ಇದು ಹೊಸದೇ ಅಲ್ಲ’ ಎನ್ನುತ್ತಾನೆ. ರಕ್ತ ಪಡೆಯುವ ರೋಗಿಯನ್ನು ಕೇಳುವವರು ಯಾರು?

ನಮ್ಮ ಕಾನೂನಿನಲ್ಲಿ ದಾರಿಯಿದೆ. ಪೇಟೆಂಟು ಮಂಜೂರಾಗುವ ಮುನ್ನ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಮಂಜೂರಾಗಿ 3 ವರ್ಷ ಕಳೆದ ಮೇಲೂ ಬೆಲೆ ಜನರ ಕೈಗೆಟುಕದಿದ್ದರೆ, ಬೇರೆಯವರು ಕಡ್ಡಾಯ ಲೈಸೆನ್ಸ್ ಕೇಳಬಹುದು. 2012ರಲ್ಲಿ ಹಾಗೇ ಆಯಿತು: ಬಾಯರ್ ಕಂಪನಿಯ ಕ್ಯಾನ್ಸರ್ ಔಷಧಕ್ಕೆ ತಿಂಗಳಿಗೆ ಸುಮಾರು 2,80,000 ರೂಪಾಯಿ ಇತ್ತು, ಅದನ್ನೇ ಹೈದರಾಬಾದಿನ ನಾಟ್ಕೊ 8,800ಕ್ಕೆ ಕೊಡುವಂತಾಯಿತು.

ಸಂಶೋಧಕನಿಗೆ ಕೂಲಿ ಸಲ್ಲಲಿ, ಅದು ನ್ಯಾಯ. ಆದರೆ ದಾನದ ರಕ್ತದ ಮೇಲೆ ಸುಂಕದಕಟ್ಟೆ ಬೇಡ. ಆಕ್ಷೇಪಣೆಯ ಹಕ್ಕು ನಮ್ಮ ಸಂಘಗಳಿಗೂ ಇದೆ. ಅದನ್ನು ಬಳಸೋಣ.