ಹೊರೆ ಹೊತ್ತವರಿಗೆ ಮೊದಲ ದಾರಿ

(ಮಲೆನಾಡಿನ ಕಾಲುದಾರಿಗಳ ಕುರಿತು ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸ)



ನಮ್ಮ ಊರಿನ ಕಾನಿನ ಅಂಚಿನಲ್ಲಿ ಹಾದುಹೋಗುವ ಕಾಲುದಾರಿಗೆ ಕಳೆದ ಮಳೆಗಾಲಕ್ಕೆ ಮುನ್ನ ಬೇಲಿ ಬಿದ್ದಿತು. ಉಣಗೋಲು ಇದ್ದ ಜಾಗದಲ್ಲಿ ಈಗ ಮುಳ್ಳುತಂತಿ ಇದೆ. ಬೇಲಿ ಹಾಕಿದವರು ಕೆಟ್ಟವರಲ್ಲ. ಇಳಿಜಾರಿನಲ್ಲಿ ಸದ್ದಿಲ್ಲದೆ ಧಾವಿಸಿ ಬಂದ ಸೈಕಲ್ಲಿಗೆ ಬೆದರಿ ಅವರ ಗಬ್ಬದ ಹಸು ಅಗಳಕ್ಕೆ ಬಿದ್ದು ಕಾಲು ಮುರಿದುಕೊಂಡಿತ್ತು. ಸೈಕಲ್ ಸವಾರನೂ ಕೆಟ್ಟವನಲ್ಲ; ರಜೆಗೆಂದು ಬಂದಿದ್ದ ಕಾಲೇಜು ಹುಡುಗ. ಹಸುವಿನ ಪಕ್ಕದಲ್ಲಿ ಕುಳಿತು ಅವನು ಅತ್ತದ್ದನ್ನು ನಾನು ಕಂಡಿದ್ದೇನೆ. ತಪ್ಪು ಯಾರದೆಂಬ ವಾದ ಇನ್ನೂ ಮುಗಿದಿಲ್ಲ. ಶಿಕ್ಷೆ ಮಾತ್ರ ಶಾಲೆಯ ಮಕ್ಕಳಿಗೆ. ಹತ್ತು ನಿಮಿಷದ ಹಾದಿಯನ್ನು ಬಿಟ್ಟು ಅವರೀಗ ಡಾಂಬರು ರಸ್ತೆಯನ್ನು ಸುತ್ತಿ ಮುಕ್ಕಾಲು ಗಂಟೆ ನಡೆಯುತ್ತಿದ್ದಾರೆ.

ಹಾದಿಯನ್ನು ಹಂಚಿಕೊಳ್ಳಲು ಅರಿಯದಿದ್ದರೆ ಅದು ಯಾರಿಗೂ ಉಳಿಯುವುದಿಲ್ಲವೆಂಬುದೇ ಇಂದಿನ ನನ್ನ ಮಾತಿನ ಸಾರ.

ನಮ್ಮ ಕಾಲುದಾರಿಗಳು ಎಂದೂ ಒಬ್ಬರಿಗಾಗಿ ಹುಟ್ಟಿದವುಗಳಲ್ಲ. ಮೇಯಲು ಹೋಗುವ ಮಲೆನಾಡು ಗಿಡ್ಡ ದನಗಳು, ಸೊಪ್ಪಿನಬೆಟ್ಟದಿಂದ ಇಳಿಯುವ ದರಗು ಸೊಪ್ಪಿನ ಹೊರೆ, ತೋಟದ ಕೆಲಸಕ್ಕೆ ಹೋಗುವವರು, ಶಾಲೆಯ ಮಕ್ಕಳು ಎಲ್ಲರೂ ಅದೇ ಒಂದೂವರೆ ಅಡಿ ಅಗಲದಲ್ಲಿ ಸಾಗಿದವರು. ಇಕ್ಕಟ್ಟಿನಲ್ಲಿ ಎದುರುಬದುರಾದಾಗ ಏನು ಮಾಡಬೇಕೆಂದು ನನಗೆ ಅಜ್ಜಿ ಕಲಿಸಿದ್ದು ಒಂದೇ ನಿಯಮ: ಹೊರೆ ಹೊತ್ತವರು ಬಂದರೆ ಬರಿಗೈಯವರು ದರೆಗೆ ಒತ್ತಿ ನಿಲ್ಲಬೇಕು. ಹೊತ್ತವರಿಗೆ ನಿಲ್ಲುವುದು ಕಷ್ಟ, ಬರಿಗೈಯವರಿಗೆ ಸುಲಭ. ಜಾತಿ, ವಯಸ್ಸು, ಆಸ್ತಿ ಯಾವುದೂ ಈ ಲೆಕ್ಕದಲ್ಲಿ ಇರಲಿಲ್ಲ.

ಈ ನ್ಯಾಯವನ್ನೇ ದೂರದವರೂ ಕಂಡುಕೊಂಡಿದ್ದಾರೆ. ಬೆಟ್ಟದ ಹಾದಿಗಳು ಸೈಕಲ್ಲಿಗೆ ಮುಚ್ಚತೊಡಗಿದಾಗ ಕ್ಯಾಲಿಫೋರ್ನಿಯಾದ ಸವಾರರು ಕೂಡಿ 1988ರಲ್ಲಿ ಅಂತಾರಾಷ್ಟ್ರೀಯ ಪರ್ವತ ಸೈಕಲ್ ಸಂಘವೊಂದನ್ನು ಕಟ್ಟಿದರು. ಜಗಳಕ್ಕಿಂತ ಶಿಸ್ತೇ ಹಾದಿಯನ್ನು ತೆರೆದಿಡುತ್ತದೆಂದು ಅವರು ಅರಿತರು. ಅಮೆರಿಕದ ಅನೇಕ ಹಾದಿಗಳ ಬಾಯಲ್ಲಿ ಇಂದು ತ್ರಿಕೋನಾಕಾರದ ಫಲಕವಿರುತ್ತದೆ. ಸೈಕಲ್ ಸವಾರನು ನಡೆಯುವವರಿಗೂ ಕುದುರೆಗೂ ದಾರಿ ಬಿಡಬೇಕು. ನಡೆಯುವವನು ಕುದುರೆಗೆ ದಾರಿ ಬಿಡಬೇಕು. ಕುದುರೆಯು ಬೆದರುವ ಪ್ರಾಣಿ. ಆದ್ದರಿಂದ ಅದರ ಬಳಿ ಮೆಲ್ಲನೆ ಮಾತನಾಡುತ್ತ ಬರಬೇಕೆಂಬ ಸೂಚನೆಯೂ ಅಲ್ಲಿದೆ. ನಮ್ಮ ಹಾದಿಗಳಲ್ಲಿ ಕುದುರೆ ಅಪರೂಪ; ಆ ಸ್ಥಾನದಲ್ಲಿ ನಮ್ಮ ದನಗಳಿವೆ. ಅಂದು ಆ ಹುಡುಗ ತಿರುವಿಗೆ ಮುನ್ನ ಒಮ್ಮೆ ಗಂಟೆ ಬಾರಿಸಿದ್ದರೆ, ಕೆಳಗಿಳಿದು ಸೈಕಲ್ಲನ್ನು ತಳ್ಳಿಕೊಂಡು ಬಂದಿದ್ದರೆ, ಇಂದು ಬೇಲಿ ಇರುತ್ತಿರಲಿಲ್ಲ.

ಇನ್ನು ಮಣ್ಣಿನ ಮಾತು. ಅದು ನನ್ನ ವೃತ್ತಿಯ ವಿಷಯ. ಹಾದಿ ಹಾಳಾಗುವುದು ಚಕ್ರದಿಂದಲೇ ಎಂದು ನಾವು ಬಹುಮಂದಿ ನಂಬಿದ್ದೇವೆ. ಮೊಂಟಾನಾದ ಬೆಟ್ಟದ ಹಾದಿಗಳಲ್ಲಿ ವಿಲ್ಸನ್ ಮತ್ತು ಸೀನಿ ಎಂಬ ವಿಜ್ಞಾನಿಗಳು ನಡೆಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನವು ಬೇರೆಯದನ್ನೇ ಹೇಳಿತು. ಕುದುರೆಯ ಗೊರಸು ಮತ್ತು ಮನುಷ್ಯನ ಪಾದಗಳು ಚಕ್ರಗಳಿಗಿಂತ ಹೆಚ್ಚು ಮಣ್ಣನ್ನು ಸಡಿಲಿಸಿದ್ದವು; ಒದ್ದೆ ನೆಲದಲ್ಲಿ ಈ ಪರಿಣಾಮ ಇನ್ನೂ ಎದ್ದು ಕಂಡಿತು. ಇದರಿಂದ ಚಕ್ರವು ನಿರಪರಾಧಿಯೆಂದು ಭಾವಿಸಬೇಕಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಜಾರಿಸಿದ ಚಕ್ರ ನೇರವಾದ ಗೀರನ್ನು ಕೊರೆಯುತ್ತದೆ. ಮಳೆನೀರಿಗೆ ಅದೇ ಕಾಲುವೆಯಾಗುತ್ತದೆ. ಕಾಲುವೆಯಾದ ಹಾದಿಯನ್ನು ಬಿಟ್ಟು ಜನರು ಪಕ್ಕದಲ್ಲಿ ನಡೆಯುತ್ತಾರೆ, ಹಾದಿ ಅಗಲವಾಗುತ್ತದೆ, ಕೊಚ್ಚಿದ ಮಣ್ಣು ಕೆಳಗಿನ ಗದ್ದೆಯನ್ನು ಸೇರುತ್ತದೆ. ಆಗುಂಬೆಯಂತಹ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಅಲ್ಲಿ ಒಂದು ಗೀರು ಕೊರಕಲಾಗಲು ಒಂದು ಮಳೆಗಾಲವೇ ಸಾಕು.

ಪರಿಹಾರವು ಹಾದಿಯ ಓಟದಲ್ಲಿದೆ. ಗುಡ್ಡದ ಇಳಿಜಾರು ಶೇಕಡಾ 40 ಇದ್ದರೆ ಹಾದಿಯ ಇಳಿಜಾರು ಶೇಕಡಾ 20ನ್ನು ಮೀರಬಾರದು, ಅಂದರೆ ಅರ್ಧಕ್ಕಿಂತ ಹೆಚ್ಚಾಗಬಾರದು. ಹಾದಿಯ ಮೈ ಕಣಿವೆಯ ಕಡೆಗೆ ಶೇಕಡಾ 5ರಷ್ಟು ಬಾಗಿರಬೇಕು. ಆಗ ನೀರು ಹಾದಿಯನ್ನು ಹಿಡಿದು ಓಡದೆ ಅಡ್ಡಲಾಗಿ ದಾಟಿಹೋಗುತ್ತದೆ. ಗುಡ್ಡವನ್ನು ಅಡ್ಡಹಾಯ್ದು ಏರುವ ನಮ್ಮ ಹಳೆಯ ದನದ ಹಾದಿಗಳನ್ನು ಗಮನಿಸಿ. ಅವುಗಳಲ್ಲಿ ಹಲವು ಈ ಲೆಕ್ಕಕ್ಕೆ ಹತ್ತಿರವಾಗಿವೆ.

ಸಂಖ್ಯೆಯೂ ಒಂದು ಹೊರೆಯೇ. 2024ರ ಜನವರಿಯ ಕೊನೆಯಲ್ಲಿ 1,712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ರಜೆಯ ದಿನಗಳಲ್ಲಿ ಸಾವಿರಾರು ಚಾರಣಿಗರು ಒಮ್ಮೆಲೇ ನುಗ್ಗಿದರು. ಬಳಿಕ ಸರ್ಕಾರವು ಆನ್‌ಲೈನ್ ನೋಂದಣಿಯಿಲ್ಲದ ಚಾರಣಗಳನ್ನು ತಡೆಹಿಡಿಯಿತು. ಅದೇ ವರ್ಷ ಒಂದು ಹಾದಿಗೆ ದಿನಕ್ಕೆ 300 ಮಂದಿಯೆಂಬ ಮಿತಿಯೊಡನೆ ನೋಂದಣಿ ವ್ಯವಸ್ಥೆ ಜಾರಿಗೆ ಬಂದಿತು. ಮಿತಿ ಅಗತ್ಯವೇ. ಆದರೆ ಊರಿನ ಒಳದಾರಿಗಳಿಗೆ ಕಾವಲುಗಾರರಿಲ್ಲ. ಅಲ್ಲಿಯ ಮಿತಿಯನ್ನು ನಾವೇ ಹಾಕಿಕೊಳ್ಳಬೇಕು.

ನಾಯಿಯ ವಿಷಯದಲ್ಲಿ ಅತಿಥಿಗಳೂ ಊರವರೂ ಸಮಾನ ತಪ್ಪಿತಸ್ಥರು. ಬಿಟ್ಟ ನಾಯಿ ಕರುವನ್ನು ಅಟ್ಟುತ್ತದೆ, ಕಾಡುಕುರಿಯನ್ನು ಅಟ್ಟುತ್ತದೆ. ಹುಚ್ಚುನಾಯಿ ರೋಗವನ್ನು, ಡಿಸ್ಟೆಂಪರನ್ನು ಕಾಡಿನ ಪ್ರಾಣಿಗಳಿಗೆ ದಾಟಿಸಬಲ್ಲದು. ಕಾಡಿನ ಹಾದಿಯಲ್ಲಿ ನಾಯಿಯ ಕೊರಳಿಗೆ ಹಗ್ಗವಿರಲಿ, ಮನೆಯಲ್ಲಿ ಅದಕ್ಕೆ ಲಸಿಕೆಯಾಗಿರಲಿ.

ಬೇಲಿಯನ್ನು ಕಾನೂನಿನಿಂದಲೇ ತೆಗೆಸೋಣವೆಂದು ಕೆಲವರು ಹೇಳುತ್ತಾರೆ. 1882ರ ಈಸ್‌ಮೆಂಟ್ ಕಾಯಿದೆಯ ಪ್ರಕಾರ 20 ವರ್ಷ ತಡೆಯಿಲ್ಲದೆ, ಬಹಿರಂಗವಾಗಿ, ಹಕ್ಕಿನಿಂದ ಬಳಸಿದ ದಾರಿಯ ಮೇಲೆ ಬಳಸಿದವರಿಗೆ ಹಕ್ಕು ಲಭಿಸುತ್ತದೆ. ಸರ್ಕಾರಿ ಜಮೀನಾದರೆ 30 ವರ್ಷ ಬೇಕು. ನಮ್ಮ ಮಕ್ಕಳ ಪಕ್ಷ ಬಲವಾಗಿಯೇ ಇದೆ. ಆದರೆ ತೀರ್ಪು ಬರುವ ಹೊತ್ತಿಗೆ ಆ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸಿರುತ್ತಾರೆ. ಗೆದ್ದವರೂ ಸೋತವರೂ ಅದೇ ಸಂಕವನ್ನು ದಾಟಿ ಒಂದೇ ಮದುವೆಯ ಊಟಕ್ಕೆ ಹೋಗಬೇಕಾದವರು.

ಆದ್ದರಿಂದ ನನ್ನ ಸಲಹೆ ಇಷ್ಟು. ಹಾದಿಯ ಎರಡೂ ತುದಿಗಳಲ್ಲಿ ಫಲಕ ಹಾಕೋಣ: ದನಕ್ಕೂ ಹೊರೆ ಹೊತ್ತವರಿಗೂ ಮೊದಲ ದಾರಿ, ನಂತರ ನಡೆಯುವವರಿಗೆ, ಕೊನೆಯಲ್ಲಿ ಸೈಕಲ್ಲಿಗೆ. ಮೋಟಾರು ಬೈಕಿಗೆ ಇಲ್ಲಿ ಪ್ರವೇಶವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೈಕಲ್ ಬೇಡ. ಶಾಲೆಗೆ ಹೋಗುವ, ಬಿಡುವ ಹೊತ್ತಿನಲ್ಲಿಯೂ ಬೇಡ. ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮುನ್ನ, ಸವಾರರೂ ನಾವೂ ಕೂಡಿ ಹಾದಿಯನ್ನು ದುರಸ್ತಿ ಮಾಡೋಣ. ಅಂದು ಅತ್ತ ಆ ಹುಡುಗ ಗುದ್ದಲಿ ಹಿಡಿಯಲು ಬರುತ್ತೇನೆಂದು ಹೇಳಿ ಕಳುಹಿಸಿದ್ದಾನೆ. ಹಸುವಿನ ನಷ್ಟವನ್ನು ತುಂಬಿಕೊಡುವ ಮಾತೂ ಅದರ ಜೊತೆಗೆ ಆಗಲಿ.

ಬೇಲಿ ಹಾಕಿದ ಹಿರಿಯರು ಇಂದು ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರಲ್ಲಿ ನನ್ನದು ಆಗ್ರಹವಲ್ಲ, ಬಿನ್ನಹ. ತಂತಿಯ ಜಾಗಕ್ಕೆ ಮತ್ತೆ ಉಣಗೋಲು ಬರಲಿ. ಅದನ್ನು ಸರಿಸಿ ದಾಟಿದವರು ಮರಳಿ ಹಾಕಿಯೇ ಹೋಗುವಂತೆ ನೋಡಿಕೊಳ್ಳುವ ಹೊಣೆ ನಮ್ಮೆಲ್ಲರದು.